ಹಳೇದು ಮಾಡೋ ಕೈ

ಕೌಲ್ ಬಜಾರಿನ ಓಣಿಯಲ್ಲಿ, ಹಿಟ್ಟಿನ ಗಿರಣಿಯ ಮೇಲೆ,
ಹದಿನೆಂಟು ಮೆಟ್ಟಿಲು.
ಕೈನೋವಿನವರಿಗೆ ಅಡ್ಡಿಯಿಲ್ಲ.
ಮೊಣಕಾಲಿನವರು ಮಾತ್ರ ಗಿರಣಿಯವನ ಸ್ಟೂಲಿನ ಮೇಲೆ
ಹಿಟ್ಟು ಮೆತ್ತಿಕೊಂಡು ಕಾಯುತ್ತಾರೆ,
ಸಬೀಹಾ ಮೇಡಂ ತಾವೇ ಕೆಳಗಿಳಿದು ಬರಲಿ ಅಂತ.

ನನ್ನದು ಬಲಗೈ. ಮೊಳಕೈಯ ಹೊರಮಗ್ಗುಲು.
ಚಾದ ಕಪ್ಪು ಎತ್ತಿದರೆ ಅದು ಕಪ್ಪಲ್ಲ,
ತುಂಬಿದ ಕೊಡ.

ಏನು ಕೆಲಸ, ಅಂದರು.
ಹಳೇದು ಮಾಡೋ ಕೆಲಸ, ಅಂದೆ.
ಅವರಿಗೆ ತಿಳಿಯಲಿಲ್ಲ.

ಹೊಸಾ ಜೀನ್ಸ್ ಬರ್ತಾವೆ ಮೇಡಂ, ಅಮಾಸೆಯಂಥಾ ನೀಲಿ.
ಗಾಳಿ ತುಂಬಿದ ರಬ್ಬರ್ ಕಾಲಿಗೆ ತೊಡಿಸಿ
ಉಸುಕಿನ ಕಾಗದ ಹಿಡಿದು ಉಜ್ಜಬೇಕು:
ತೊಡೆ ಮೇಲೆ ಉದ್ದಕ್ಕೆ, ಮಂಡಿ ಮೇಲೆ ದುಂಡಗೆ,
ಕಿಸೆಯ ಅಂಚಿಗೆ ಬೆರಳ ತುದಿಯಷ್ಟು.
ಯಾರೋ ಐದು ವರ್ಷ ತೊಟ್ಟಂಗೆ,
ಕೂತಂಗೆ, ಎದ್ದಂಗೆ, ಗೋಡೆಗೊರಗಿ ಬೀಡಿ ಸೇದಿದಂಗೆ.
ಒಂದಕ್ಕೆ ನಾಲ್ಕು ನಿಮಿಷ, ದಿನಕ್ಕೆ ನೂರಾ ಹತ್ತು.
ಲೆಕ್ಕ ಹಾಕ್ರಿ,
ದಿನಕ್ಕೆ ಐನೂರೈವತ್ತು ವರ್ಷ
ಈ ಕೈಯಾಗೆ ಸವೆದು ಹೋಗ್ತಾವೆ.

ಮೇಡಂ ನಗಲಿಲ್ಲ. ಡ್ರಾಯರ್ ಎಳೆದು
ಒಂದು ಉಕ್ಕಿನ ತುಂಡು ತೆಗೆದರು.
ಚೌತಿಯ ಚಂದ್ರನಷ್ಟು ಬಾಗಿದ್ದು,
ಹಿಡಿಯಿಲ್ಲ, ಮೊನೆಯಿಲ್ಲ,
ಅವ್ವ ಬಾಣಲೆ ಕೆರೆಯುತ್ತಿದ್ದ ಚಿಪ್ಪಿನ ತಮ್ಮನಂತೆ.
ಮುಲಾಮು ಸವರಿ, ಓರೆ ಹಿಡಿದು, ಎಳೆದರು
ಮಣಿಕಟ್ಟಿನಿಂದ ಮೊಳಕೈಗೆ.

ಆಗ ಕೇಳಿಸಿತು. ಕಿವಿಗಲ್ಲ, ಎಲುಬಿಗೆ.
ಕರಕರ.
ಅನ್ನದಲ್ಲಿ ಹರಳು ಸಿಕ್ಕಂತೆ.
"ಇಲ್ಲೈತೆ ನೋಡಮ್ಮ," ಅಂದರು.
"ಒಂದರ ಮೇಲೊಂದು ಜಾರಬೇಕಾದ ಪದರ
ಅಂಟಿಕೊಂಡು ಕೂತೈತೆ, ಅಂತ ನಮಗೆ ಕಲಿಸ್ಯಾರೆ.
ಒಳಗೆ ನಿಜಕ್ಕೂ ಏನಾಗ್ತೈತೋ
ನನಗೂ ಪೂರಾ ಗೊತ್ತಿಲ್ಲ."
ಡಾಕ್ಟರ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತು
ನಾನು ಕೇಳಿದ್ದು ಅದೇ ಮೊದಲು.
ಅಲ್ಲಿಂದ ನಂಬಿಕೆ ಬಂತು.

ಚರ್ಮ ಕೆಂಪಾಯಿತು,
ಖಾರದಪುಡಿ ಉದುರಿಸಿದಂತೆ ಚುಕ್ಕಿ ಚುಕ್ಕಿ.
ಹಲ್ಲು ಕಚ್ಚಿದ್ದವಳಿಗೆ ನೋವಿನೊಳಗೇ ನಗು ಬಂತು:
ಇದೇ ಓರೆ, ಇದೇ ಎಳೆತ, ಇದೇ ಒತ್ತು.
ಇವರೂ ಉಜ್ಜುವವರೇ!
ನಾನು ಹೊಸದನ್ನು ಹಳೇದು ಮಾಡ್ತೀನಿ,
ಇವರು...
ಇವರೇನು ಮಾಡ್ತಾರೆ?
ಹೊಸದಂತೂ ಆಗಲ್ಲ ಈ ಕೈ.

ಐದನೇ ಸಲ ಹೋದಾಗ
ಉಕ್ಕು ಜಾರಿ ನೆಲಕ್ಕೆ ಬಿತ್ತು. ಠಣ್.
ಮೇಡಂ ಹೆಬ್ಬೆರಳು ಹಿಡಿದುಕೊಂಡು ಕೂತುಬಿಟ್ಟರು.
"ಹದಿನಾಲ್ಕು ವರ್ಷ ಬರಿಗೈಲೆ ಒತ್ತಿದೆ, ಹುಲಿಗೆಮ್ಮ.
ಹೆಬ್ಬೆಟ್ಟು ಹೋಯ್ತು. ಅದಕ್ಕೇ ಈ ಉಕ್ಕು.
ನಿಮ್ಮ ಸಲುವಾಗಿ ಅಂತ ತಿಳಿದಿದ್ರೇನು?"

ಬಗ್ಗಿ ಎತ್ತಿಕೊಂಡೆ. ತಣ್ಣಗಿತ್ತು,
ನೋಡಿದ್ದಕ್ಕಿಂತ ಭಾರವಿತ್ತು.
ಕೊಡ್ರಿ ಇಲ್ಲಿ ಕೈ, ಅಂದೆ.
ಅವರ ಹೆಬ್ಬೆರಳ ಬುಡಕ್ಕೆ ಮುಲಾಮು ಹಚ್ಚಿ,
ನೋವಿನ ಕೈಯಲ್ಲೇ,
ಕಿಸೆಯ ಅಂಚು ಉಜ್ಜುವಷ್ಟು ಹಗುರ
(ನೂಲು ಹರಿಯಬಾರದು, ಬಣ್ಣ ಮಾತ್ರ ಬಿಡಬೇಕು),
ಆ ಅಂದಾಜಿನಲ್ಲಿ ಎಳೆದೆ.
ಕರಕರ.
ಅದೇ ಹರಳು.
ಮೇಡಂ ಕಣ್ಣು ಮುಚ್ಚಿ, ಯಾರು ಕಲಿಸಿದ್ರು, ಅಂದರು.
ಕರೆಂಟು ಹೋಗಿರಬೇಕು, ಕೆಳಗೆ ಗಿರಣಿ ನಿಂತಿತ್ತು.
ಮೊಣಕಾಲಿನವರು ಯಾರೋ ಕೆಮ್ಮಿದರು.

ಆವತ್ತು ಮುನ್ನೂರು ತಗೊಳ್ಳಲಿಲ್ಲ.
ನೂರೈವತ್ತು ತಗೊಂಡರು.

ಈಗ ಮೊಳಕೈ ಸುಮಾರು. ಕಪ್ಪು ಕಪ್ಪಿನಷ್ಟೇ ಭಾರ.
ಹಸಿರು ರಬ್ಬರ್ ಪಟ್ಟಿಯೊಂದನ್ನು ಚಿಲಕಕ್ಕೆ ಕಟ್ಟಿ
ದಿನಾ ಮೂವತ್ತು ಸಲ ಎಳೀತೀನಿ,
ಮಗಳು ಅದನ್ನು ಜಡೆಗೆ ಕಟ್ಟಿಕೊಂಡು
ಶಾಲೆಗೆ ಹೋಗದ ದಿನ.

ಮುಂಡರಗಿಯ ಯೂನಿಟ್ಟಿಗೆ ಹೊಸ ಲಾಟು ಬಂದೈತೆ.
ಎರ್ರಿಸ್ವಾಮಿ ಸ್ಯಾಂಪಲ್ಲು ತೂಗುಹಾಕಿದ್ದಾನೆ:
ಈ ಸಲ ಹತ್ತು ವರ್ಷ ತೊಟ್ಟಂಗೆ ಕಾಣಬೇಕಂತೆ.
ರೇಟು ಅದೇ.
ಕಾಗದ ಎಡಗೈಗೆ ಕೊಟ್ಟು ನೋಡ್ತಾ ಇದ್ದೀನಿ.
ಅದಿನ್ನೂ ಹೊಸಾದು.