ಅಂಕಿ ಹಾಲಪ್ಪನ ಹೇಳಿಕೆ

ಕೇಳಿದಿರಲ್ಲ, ಹೇಳುತ್ತೇನೆ.
ದಾವಣಗೆರೆಯ ಈ ಮೈದಾನದಲ್ಲಿ ಇಪ್ಪತ್ತೆರಡು ವರ್ಷ,
ಕಮಿಟಿಯವರು ಕರೆದು ಕುರ್ಚಿ ಕೊಟ್ಟದ್ದು ಇವತ್ತೇ.
ಮಿಲ್ ಕಪ್ಪು ನೋಡಲು ಬರುವವರಿಗೆ ಏನು ಅನುಕೂಲ ಬೇಕೆಂದು
ನನ್ನನ್ನು ಕೇಳುತ್ತಿದ್ದೀರಿ,
ಒಂದು ಮ್ಯಾಚನ್ನೂ ನೆಟ್ಟಗೆ ನೋಡದವನನ್ನು.

ನಾನಿರುವುದು ಸ್ಕೋರ್ ಹಲಗೆಯ ಹಿಂದೆ.
ಎಣ್ಣೆ ಡಬ್ಬದ ತಗಡು ಕತ್ತರಿಸಿ ಬರೆದ ಅಂಕಿಗಳು,
ಆರು ತಲೆಕೆಳಗಾದರೆ ಒಂಬತ್ತು.
ಮೊಳೆಯಿಂದ ಒಂದು ತೆಗೆದು ಇನ್ನೊಂದು ಹಾಕುವ ನಡುವೆ
ಚೌಕದ ಕಿಂಡಿಯೊಂದು ತೆರೆಯುತ್ತದೆ,
ಎರಡು ಉಸಿರಿನಷ್ಟು ಹೊತ್ತು.
ಅಷ್ಟರಲ್ಲಿ ಚೆಂಡು ಹೋಗುವಲ್ಲಿಗೆ ಹೋಗಿ ಆಗಿರುತ್ತದೆ.
ಕಾಣುವುದು ಎದುರಿನ ಪೂರ್ವ ಗ್ಯಾಲರಿ, ಅದರ ಮುಖಗಳು.

ಹಾಗಾಗಿ ನನಗೆ ಆಟ ಗೊತ್ತಿಲ್ಲ. ಜನ ಗೊತ್ತು.

ಮೂರೂವರೆಯಾದರೆ ಬಿಸಿಲು ನನ್ನ ತಲೆ ದಾಟಿ
ಸೀದಾ ಅವರ ಕಣ್ಣಿಗೆ.
ಮಂಡಕ್ಕಿ ಕಟ್ಟಿದ ಕಾಗದ ಟೋಪಿಯಾಗುತ್ತದೆ,
ಮಿರ್ಚಿಯ ಎಣ್ಣೆ ಹಣೆಗೆ ಹತ್ತುತ್ತದೆ.
ಬೌಲರ್ ಓಡಿ ಬಂದಾಗಲೆಲ್ಲ ಸಾವಿರ ಕೈ
ಸಲಾಮು ಹೊಡೆದಂತೆ ಹಣೆಗೆ ಏರುತ್ತವೆ.
ಪಶ್ಚಿಮದ ನೆರಳಲ್ಲಿ ಸೋಫಾದ ಮೇಲೆ ಕೂತ ನೀವು
ಅದು ನಿಮಗೆ ಅಂದುಕೊಂಡಿರಬಹುದು, ಅಧ್ಯಕ್ಷರೇ.

ಟೈಲರ್ ವಿಮಲಾಬಾಯಿ ಹತ್ತು ಗಂಟೆಗೇ ಬಂದು ಕೂರುತ್ತಾಳೆ.
ಒಮ್ಮೊಮ್ಮೆ ಸುಮ್ಮನೆ ಒಂದು ಬೆರಳು ಎತ್ತುತ್ತಾಳೆ;
ಎರಡು ಎಸೆತ ಬಿಟ್ಟು ನಾನು ವಿಕೆಟ್ಟಿನ ಅಂಕಿ ಬದಲಿಸುತ್ತೇನೆ.
ತಂದ ಬಾಟಲಿಯ ಮುಚ್ಚಳ ಮಾತ್ರ ತೆಗೆಯುವುದಿಲ್ಲ.
ಹತ್ತು ವರ್ಷ ನನಗೆ ಕಾರಣ ಹೊಳೆಯಲಿಲ್ಲ.
ಗಂಡಸು ನಾನು, ಗೋಡೆ ಇತ್ತು.
ಪ್ರತಿ ಫೈನಲ್ಲಿನಲ್ಲೂ ಕೊನೆಯ ಓವರಿಗೆ ಮೊದಲು ಎದ್ದು ಹೋಗುತ್ತಾಳೆ,
ಕಪ್ಪು ಯಾರು ಗೆದ್ದರೆಂದು ಮರುದಿನ ನನ್ನನ್ನೇ ಕೇಳುತ್ತಾಳೆ.

ಕಂಬದ ಪಕ್ಕ ದಾದಾಪೀರ್,
ಮಿಲ್ಲಿನ ನೂಲು ಖಾತೆಯಲ್ಲಿ ಇದ್ದವನು. ಕಣ್ಣು ಹೋಗಿದೆ.
"ಏನಾತು?" ಅನ್ನುವುದು ಅವನ ತುಟಿಯಲ್ಲೇ ನನಗೆ ಕೇಳುತ್ತದೆ.
ಪಕ್ಕದವರು ಹೇಳುತ್ತಾರೆ.
ಕೆಲವರು ಸುಳ್ಳು ಹೇಳಿ ಅತ್ತ ತಿರುಗಿ ನಗುತ್ತಾರೆ.
ಸರಿಯಾಗಿ ಹೇಳುವವನಿಗೆ ಟಿಕೆಟ್ಟು ಮಾಫಿ ಮಾಡಿ.
ಇದನ್ನು ಬರೆದುಕೊಳ್ಳಿ, ಉಳಿದದ್ದು ಬಿಟ್ಟರೂ.

ನಿಮ್ಮ ಪಟ್ಟಿಯಲ್ಲಿ ಡಿಜೆ ಇದೆ,
ಬೌಂಡರಿಗೊಮ್ಮೆ ಹೊಗೆ ಉಗುಳುವ ಮಿಶಿನ್ನಿದೆ,
ಬಣ್ಣದ ದೀಪದ ಸ್ಕೋರ್ ಹಲಗೆ ಇದೆ.
ಅದನ್ನು ಓದುವಾಗ ಎಲ್ಲರೂ ತಟ್ಟೆಯ ಬಿಸ್ಕತ್ತು ನೋಡಿದಿರಿ.
ಇರಲಿ.

*

ಮರುವರ್ಷ ನೆರಳಿನ ಜಾಲರಿ ಅರ್ಧ ಗ್ಯಾಲರಿಗೆ ಬಂತು,
ಮಿಕ್ಕರ್ಧಕ್ಕೆ ಜಾಹೀರಾತು ಕೊಡುವವರು ಸಿಗಲಿಲ್ಲವಂತೆ.
ಹೆಂಗಸರ ಪಾಯಖಾನೆ ಕಟ್ಟಿದರು,
ಬೀಗದ ಕೈ ಅಧ್ಯಕ್ಷರ ಡ್ರೈವರನ ಜೇಬಿನಲ್ಲಿ.
ಮೊದಲ ದಿನವೇ ಬೀಗ ಮುರಿದಿತ್ತು.
ಯಾರೆಂದು ಯಾರಿಗೂ ಗೊತ್ತಿಲ್ಲ;
ವಿಮಲಾಬಾಯಿಯ ದೊಡ್ಡ ಕತ್ತರಿಯ ತುದಿ ಸೊಟ್ಟಗಾಗಿತ್ತು.

ನನಗೆ ಪಾಸು ಕೊಟ್ಟರು.
ತಗಡಿನ ಅಂಕಿಗಳನ್ನು ಗೋಣಿಯಲ್ಲಿ ಕಟ್ಟಿ ಮನೆಗೆ ಒಯ್ದು
ಬರಿಗೈಲಿ ಬಂದು ದಾದಾಪೀರನ ಪಕ್ಕ ಕೂತೆ.
ಎದುರಿಗೆ ನನ್ನ ಜಾಗದಲ್ಲಿ ಕೆಂಪು ಹಸಿರು ಬೆಳಕು,
ಕಿಂಡಿಯಿಲ್ಲ.

ಬ್ಯಾಟಿಗೆ ಚೆಂಡು ತಾಗಿದ ಸದ್ದು,
ಆಹಾ, ಅದು ಇಷ್ಟು ಒಣ ಸದ್ದೆಂದು ತಿಳಿದಿರಲಿಲ್ಲ.

"ಏನಾತು?"

ನಾನು ಚೆಂಡು ನೋಡಿರಲಿಲ್ಲ.
ಹಳೇ ಚಾಳಿ, ಕತ್ತು ಜನರ ಕಡೆ ತಿರುಗಿತ್ತು.
"ಮುಂದಿನ ಮೆಟ್ಟಿಲ ಹುಡುಗನ ಮಿರ್ಚಿ
ಬಾಯಿ ಹತ್ರ ಹಂಗೇ ನಿಂತೈತಿ," ಅಂದೆ.
"ವಿಮಲಾಬಾಯಿ ನೀರು ಕುಡೀತಿದ್ದಳು, ನುಂಗಿಲ್ಲ.
ಎಲ್ಲರ ಗದ್ದ ಮ್ಯಾಲಕ್ಕೆ."

ದಾದಾಪೀರ್ ನಕ್ಕ.
"ಸಿಕ್ಸ್ ಅಲ್ಲ ಹಂಗಾದ್ರೆ, ಕ್ಯಾಚು," ಅಂದ.
"ಇನ್ನೂ ಕೆಳಗ ಬಂದಿಲ್ಲ."