ಕಾಣಲಿಲ್ಲ, ಇಲ್ಲ

ಶನಿವಾರ, ಬೆಳಿಗ್ಗೆ ಆರೂವರೆ.
ಸದಾಶಿವಗಡದ ಗುಡ್ಡದ ಬುಡದಲ್ಲಿ ಸ್ಕೂಟರಿಗೆ ಸ್ಟ್ಯಾಂಡು ಹಾಕಿ
ಮೊಬೈಲು ನೋಡುತ್ತೇನೆ:
ಉತ್ತರ ಹದಿನಾಲ್ಕು ಡಿಗ್ರಿ, ಐವತ್ತು ಮಿನಿಟು, ಮತ್ತೆ ಚಿಲ್ಲರೆ.
ಇರುವುದೆಲ್ಲ ಆ ಚಿಲ್ಲರೆಯಲ್ಲೇ.
ಗುರುತಿಲ್ಲದ ಯಾರೋ ಒಂದು ಡಬ್ಬಿ ಅಡಗಿಸಿ,
ಅದು ಇರುವ ಅಕ್ಷಾಂಶ ರೇಖಾಂಶ ಲೋಕಕ್ಕೆಲ್ಲ ಸಾರಿ
ಮನೆಗೆ ಹೋಗಿ ಮಲಗಿದ್ದಾರೆ.

ಇಲ್ಲಿಯವರೆಗೆ ನಲವತ್ತನಾಲ್ಕು.
ನಲವತ್ತನಾಲ್ಕೂ ಅಕ್ಕನ ಕಣ್ಣಿಗೇ ಬಿದ್ದವು.
ನಾನು ಹಿಂದಿನ ಸೀಟಿನವಳು, ಪೆನ್ನಿನವಳು,
ಒಳಗಿನ ಚೀಟಿ ಬಿಡಿಸಿ ತಾರೀಖು ಹಾಕಿ
‘ಶರಯೂ, ಪ್ರಫುಲ್ಲಾ’ ಎಂದು ಬರೆಯುವವಳು. ಯಾವಾಗಲೂ ಅದೇ ಕ್ರಮ.
ಸಿಗದ ದಿನ ನಾನು ಅನ್ನುತ್ತಿದ್ದೆ, ‘ನಂಗೆ ಕಾಣಲಿಲ್ಲ.’
ಅಕ್ಕ ಅನ್ನುತ್ತಿದ್ದಳು, ‘ಇಲ್ಲ. ನಡಿ.’
ಇಲ್ಲ ಅನ್ನಬೇಕಾದರೆ
ಎಷ್ಟು ನೋಡಿರಬೇಕು ಒಬ್ಬಳು!

ಈಗ ಅವಳು ಕೋಡಿಬಾಗದ ಮನೆಯಲ್ಲಿ
ಪ್ಲಾಸ್ಟರು ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು
ನನ್ನ ಫೋನಿಗೆ ಕಾಯುತ್ತಿದ್ದಾಳೆ.
ಮಾಡುವುದಿಲ್ಲ.
ಎರಡು ದಿನ, ಆರು ಡಬ್ಬಿ, ಭಟ್ಕಳದವರೆಗೆ;
ಐವತ್ತು ತುಂಬಿಸಿಯೇ ಮಾಡುವುದು.

ಮೊದಲನೆಯದಕ್ಕೆ ಐವತ್ತು ನಿಮಿಷ, ಮೊಣಕೈವರೆಗೆ ಚಗಳಿ ಕಚ್ಚಿದ ಉರಿ.
ಸಿಕ್ಕಾಗ ಕೂಗಲಿಲ್ಲ. ಕೇಳಲು ಯಾರೂ ಇರಲಿಲ್ಲ,
ಒಂದು ನಾಯಿ ಇತ್ತು, ಅದಕ್ಕೆ ತೋರಿಸಿದೆ.
ಚೀಟಿಯಲ್ಲಿ ‘ಪ್ರಫುಲ್ಲಾ’ ಎಂದು ಬರೆದರೆ
ಹೆಸರಿನ ಎಡಕ್ಕೆ ಅಷ್ಟು ಜಾಗ ಖಾಲಿ ಬಿಟ್ಟಿದ್ದೆ.

ಬೇಲೆಕೇರಿಯಲ್ಲಿ, ಕಬ್ಬಿಣದ ಕಂಬಕ್ಕೆ ಅಯಸ್ಕಾಂತ ಹಿಡಿದು ನೇತಾಡುವ
ಬೆರಳುದ್ದದ ನಳಿಗೆ. ನಾಲ್ಕೇ ನಿಮಿಷ!
ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆಯ ಏರಿ,
ಎಲ್ಲೆಲ್ಲೂ ಬಿಳಿ, ಕಣ್ಣು ಕುಕ್ಕುವ ಬಿಳಿ,
ಡಬ್ಬಿಯೂ ಬಿಳಿ. ಇಟ್ಟವರ ಕುಚೋದ್ಯ.

ತದಡಿಯ ದೋಣಿಯಲ್ಲಿ ಸ್ಕೂಟರು ಹಿಡಿದು ನಿಂತಿದ್ದೆ.
ಬಳಚಿನ ಬುಟ್ಟಿಯ ತುಳಸು ಹರಿಕಂತ್ರ
ಮಣ್ಣಾದ ನನ್ನ ಉಗುರು ನೋಡಿ ಕೇಳಿದಳು:
‘ಎಂತದ್ ಕಳ್ಕಂಡಿ ತಂಗಿ?’
‘ಏನೂ ಇಲ್ಲ. ಯಾರೋ ಇಟ್ಟದ್ದನ್ನ ಹುಡುಕ್ತಾ ಇದೀನಿ.’
‘ಸಿಕ್ಕರೆ ಎಂತ ಮಾಡ್ತಿ?’
‘ಹೆಸರು ಬರೆದು ಅಲ್ಲೇ ಇಡೋದು.’
ಅವಳು ತುಸು ಹೊತ್ತು ಅಘನಾಶಿನಿಯ ನೀರು ನೋಡಿದಳು.
‘ನಾವೂ ಹಂಗೇ, ಸಣ್ಣ ಬಳಚು ವಾಪಸ್ ಬಿಡ್ತು.
ಹೆಸರು ಮಾತ್ರ ಬರಿತಿಲ್ಲೆ.’

ಭಾನುವಾರ. ಕಾಸರಕೋಡಿನ ಗಾಳಿಮರದ ಬೇರಲ್ಲಿ ಒಂದು,
ಮುರ್ಡೇಶ್ವರ ದಾಟಿ ಮೋರಿಯ ಬಾಯಲ್ಲಿ ಇನ್ನೊಂದು.
ನಲವತ್ತೊಂಬತ್ತು.

ಶಿರಾಲಿಯಿಂದ ಮುಂದೆ
ಪರದೆಯ ಮೇಲೆ ಹದಿನಾಲ್ಕು ಡಿಗ್ರಿ ಸವೆದು ಸವೆದು
ಸೊನ್ನೆ, ಸೊನ್ನೆ, ಸೊನ್ನೆ ಆಗಿ
ಹದಿಮೂರಕ್ಕೆ ಜಾರುವ ಜಾಗ.
ಅಲ್ಲಿ ಗೆರೆಯಿಲ್ಲ, ಕಲ್ಲಿಲ್ಲ, ಫಲಕವಿಲ್ಲ.
ಗೇರು ಹಿತ್ತಲಿನ ಚಿರೇಕಲ್ಲಿನ ಗೋಡೆ.
ಸುಳಿವು: ಎಡದಿಂದ ಏಳು, ಕೆಳಗಿನಿಂದ ಎರಡು.

ಕಲ್ಲು ಅಲುಗಿತು. ಹಿಂದೆ ಪೊಳ್ಳು.
ಪೊಳ್ಳಿನಲ್ಲಿ ಹಲ್ಲಿಯ ಎರಡು ಮೊಟ್ಟೆ,
ಮತ್ತೆ, ಡಬ್ಬಿ ಕೂತಿದ್ದ ಕಡೆ
ಚೌಕವಾದ ತುಕ್ಕು.
ಬಲದಿಂದ ಏಳು ಎಣಿಸಿದೆ. ಮೇಲಿನಿಂದ ಎರಡು.
ಗೋಡೆಯುದ್ದ ಕೈಯಾಡಿಸಿದೆ, ಗೇರಿನ ಒಣಗಿದೆಲೆ ಕೆದರಿದೆ.
ಗಂಟೆ ಐದಾಯಿತು.

ಚೀಲದಲ್ಲಿ ನನ್ನದೇ ಒಂದು ತಿಂಡಿ ಡಬ್ಬಿ ಇತ್ತು.
ಒರೆಸಿ, ಚೀಟಿ ಹಾಕಿ, ಪೊಳ್ಳಿಗೆ ತಳ್ಳಿದರೆ
ಐವತ್ತು.
ಒರೆಸಿಯೂ ಆಗಿತ್ತು.
ಆದರೆ ಆ ತುಕ್ಕಿನ ಚೌಕ ಅಷ್ಟು ಸ್ಪಷ್ಟವಾಗಿತ್ತು,
ನನ್ನದು ದುಂಡಗೆ.

ಉಳಿದಿದ್ದ ಅವಲಕ್ಕಿ ತಿಂದು, ಬಾಯಿ ತೊಳೆದು
ಫೋನು ಹಚ್ಚಿದೆ. ಒಂದೇ ರಿಂಗು.
‘ಸಿಕ್ತಾ?’
‘ಇಲ್ಲ.’
‘ನಿಂಗೆ ಕಾಣಲಿಲ್ಲ ಅನ್ನು.’
‘ಅಲ್ಲ ಅಕ್ಕ. ಇಲ್ಲ.’
ಆ ಕಡೆ ಫ್ಯಾನಿನ ಕಿರಕಿರ.
‘ಎಡದಿಂದ ಎಣಿಸಿದ್ಯಾ, ಬಲದಿಂದಾನಾ?’
‘ಎರಡೂ ಕಡೆಯಿಂದ.’
ಫ್ಯಾನು.
‘ಹಂಗಾದ್ರೆ ಇಲ್ಲ,’ ಅಂದಳು,
‘ನಡಿ. ಕತ್ತಲಾಗ್ತದೆ.’