ಮೂರು ಚೌಕ

ಹಲ್ ಪಟ್ಟಣದ ಫೆಬ್ರುವರಿ. ಅಡುಗೆಮನೆ ಮೇಜಿನ ಮೇಲೆ
ಫಾರಂ, ಮೂರೇ ಖಾಲಿ ಚೌಕ.
ಮುಂದೇನಾಗ್ತೀಯ ಅಂದರೆ
ಹೆಗಲು ಕುಣಿಸುತ್ತೇನೆ, ಅಷ್ಟೇ.

"ರಸಾಯನ ತಗೋ, ಬಾಗಿಲು ತೆರೆದಿರುತ್ತೆ"
ಅಂದರು ಆಲರ್ಟನ್ ಮೇಷ್ಟ್ರು.
"ಗಣಿತ ಬಿಡಬೇಡ, ಅದೂ ಬಾಗಿಲೇ"
ಫೋನಿನಲ್ಲಿ ವಿಮಲಾಕ್ಷಿ ಚಿಕ್ಕಮ್ಮ.
ಈ ಮನೆಯಲ್ಲೋ
ಹಿತ್ತಿಲ ಬಾಗಿಲು ಬೆರಳಷ್ಟು ತೆರೆದರೂ
ಅಮ್ಮ ಕೂಗುತ್ತಾಳೆ:
"ಹಾಕೇ! ಗ್ಯಾಸ್ ಬಿಲ್ಲು ನಿಮ್ಮ ತಾತ ಕಟ್ತಾನಾ?"

ಗಣಿತ ಬರೆದೆ. ರಸಾಯನ ಬರೆದೆ, ಪೆನ್ಸಿಲಲ್ಲಿ.
ಮೂರನೆಯದಕ್ಕೆ
ಯಾಕೋ ಹಂಬರ್ ದಂಡೆ ನೆನಪಾಯಿತು,
ಇಳಿತ ಬಿಟ್ಟುಹೋದ ಕಂದು ಕೆಸರು,
ಹೊಳೆಯೋ ಕಡಲೋ ತನಗೇ ಗೊತ್ತಿಲ್ಲದ ನೀರು
ಹಡಗು ಹೊತ್ತು ನಡೆದದ್ದು.

ಭೂಗೋಳ.
ಇದನ್ನು ಮಾತ್ರ ಪೆನ್ನಿನಲ್ಲಿ.

ಅಮ್ಮ ಓದಿದಳು. ಏನೂ ಅನ್ನಲಿಲ್ಲ.
ಎದ್ದು, ಹಿತ್ತಿಲ ಬಾಗಿಲ ಚಿಲಕ
ನೋಡಿಬಂದಳು.